ನಾಲ್ಕು ರೊಟ್ಟಿಯ ಹೊತ್ತು

ಆ ಬೆಳಿಗ್ಗೆ ಸೋಲಾಪುರದ ವಾಡೆಯ ಮುಂಗೋಣೆಯಲ್ಲಿ ನಾವು ಮೂವರಿದ್ದೆವು. ಬಾಗಿಲಲ್ಲಿ ನಿಂತವರನ್ನೂ ಹಿಡಿದರೆ ನಾಲ್ವರು. ಕುರ್ಚಿಯಲ್ಲಿ ನಮ್ಮ ಇನಾಮದಾರ ಸಾಹೇಬರು, ಬರೀ ಬನಿಯನ್ ಮೇಲೆ, ಮೂಗಿನ ತುದಿಗೆ ಕನ್ನಡಕ. ಅವರ ಬೆನ್ನ ಹಿಂದೆ ಸ್ಕ್ರೂಡ್ರೈವರ್ ಹಿಡಿದ ನಾನು. ಬೆಂಚಿನ ಮೇಲೆ ನಮ್ಮ ಗಿರಾಕಿ ಶಾಂತಾಬಾಯಿ. ಕೆಟ್ಟ ಕೀಬೋರ್ಡನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅಕ್ಕಲಕೋಟೆಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಬಾಗಿಲಲ್ಲಿ ಸಾಹೇಬರ ಹೆಂಡತಿ, ನಮ್ಮೆಲ್ಲರ ಕಾಕು, ಎಂದರೆ ಚಿಕ್ಕಮ್ಮ. ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ನೀರು ಚಿಮುಕಿಸಲು ತಂಬಿಗೆ ಹಿಡಿದು ನಿಂತಿದ್ದರು.

ಮೇಜಿನ ಮೇಲೆ ಮುಚ್ಚಳ ತೆಗೆದ ಕಂಪ್ಯೂಟರು. ಅದರ ಒಳಗಿನ ಪ್ರೊಸೆಸರು ಇನ್ನೂರ ಮೂವತ್ತಮೂರು ಮೆಗಾಹರ್ಟ್ಸ್ ವೇಗದ್ದು. ಹಾಗೆಂದು ಮಾಡಿದವರೇ ಅದರ ತಲೆಯ ಮೇಲೆ ಮುದ್ರೆ ಒತ್ತಿ ಕಳಿಸಿದ್ದರು. ಸಾಹೇಬರು ಬೋರ್ಡಿನ ಮೇಲೆ ವೇಗ ಗೊತ್ತುಮಾಡುವ ಎರಡು ಸಣ್ಣ ಕೊಂಡಿ, ಅಂದರೆ ಜಂಪರ್, ಕಿತ್ತು ಬೇರೆ ಕಡ್ಡಿಗಳಿಗೆ ಸಿಕ್ಕಿಸಿ, ಪ್ರೊಸೆಸರಿನ ಮೇಲೆ ಎರಡು ಫ್ಯಾನು ಕೂಡಿಸಿ, ವೇಗ ಅಳೆಯುವ ಪ್ರೋಗ್ರಾಮು ಓಡಿಸಿದರು. ಪರದೆಯ ಮೇಲೆ ಐನೂರ ಮೂವತ್ತೆರಡು ಎಂದು ಬಂತು.

ಸಾಹೇಬರು ಇನ್ನೊಮ್ಮೆ ಓಡಿಸಿದರು. ಮತ್ತೆ ಐನೂರ ಮೂವತ್ತೆರಡು.

"ಗುರ್ಯಾ, ನೀ ಓದು. ನನ್ನ ಕಣ್ಣ ನಂಬೂದಿಲ್ಲ ನಾ" ಎಂದರು. ನಾನು ಓದಿದೆ. ಅಲ್ಲಿಂದ ಶುರುವಾದ ಗೊಂದಲ ಮುಂದೆ ನಾಲ್ಕು ತಿಂಗಳು ನನ್ನ ತಲೆಯಲ್ಲಿ ಕೂತಿತ್ತು. ಅದರ ಒಂದು ತುಣುಕು ಇವತ್ತಿಗೂ ಎದ್ದು ಹೋಗಿಲ್ಲ.

ಈಗ ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು, ಆಗ ಯಾವ ಯಂತ್ರ ಇತ್ತು, ಎಷ್ಟು ಮೆಮರಿ ಇತ್ತು ಎಂದು. ಅದನ್ನು ಹೇಳಿ ಪ್ರಯೋಜನವಿಲ್ಲ. ಇವತ್ತಿನ ಗೋಡೆ ಗಡಿಯಾರಕ್ಕೂ ಅದಕ್ಕಿಂತ ಹೆಚ್ಚಿನ ಬುದ್ಧಿ ಇರಬಹುದು. ನಾನು ಹೇಳಬೇಕಾದದ್ದು ನಾವು ಹೇಗೆ ಮೋಸ ಹೋಗುತ್ತಿದ್ದೆವು ಎಂಬುದನ್ನು. ಯಂತ್ರ ಬದಲಾದರೂ ಅದು ಬದಲಾಗಿಲ್ಲ.

ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬಂದದ್ದು ತಡವಳದ ಅಜ್ಜಿಯಿಂದ. ಜೋಳ ಕೇರುತ್ತ ಕೇರುತ್ತ ಆಕೆ ಒಂದು ಮಾತು ಹೇಳುತ್ತಿದ್ದಳು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಕಣ್ಣಿಗೆ ಕಂಡ ಮೇಲೆ ಇನ್ನೇನು ಪ್ರಮಾಣ ಎಂದು ನಾನು ನಗುತ್ತಿದ್ದೆ. ಕಂಪ್ಯೂಟರ್ ರಿಪೇರಿಗೆ ಇಳಿದ ಮೇಲೆ ಆ ಮಾತಿನ ಭಾರ ಗೊತ್ತಾಯಿತು. ಗೊತ್ತಾಗಿದ್ದೂ ನನ್ನ ತಪ್ಪಿನಿಂದಲೇ.

ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಡಬ್ಬಿಯ ಮುಂದೆ ಕೆಂಪು ಅಂಕಿಗಳ ಒಂದು ಸಣ್ಣ ಕಿಟಕಿ ಇರುತ್ತಿತ್ತು. ಅರವತ್ತಾರು ಎಂದೋ ಮೂವತ್ತಮೂರು ಎಂದೋ ವೇಗ ಬೆಳಗುತ್ತಿತ್ತು. ಗಿರಾಕಿಗಳು ಅದನ್ನು ಸ್ಕೂಟರಿನ ಮುಳ್ಳಿನಂತೆ ತಿಳಿದಿದ್ದರು. ಸತ್ಯವೇನೆಂದರೆ ಆ ಅಂಕಿ ಏನನ್ನೂ ಅಳೆಯುತ್ತಿರಲಿಲ್ಲ. ಹಿಂದುಗಡೆಯ ಕಡ್ಡಿಗಳನ್ನು ನಾವೇ ಜೋಡಿಸಿ ಯಾವ ಅಂಕಿ ಬೇಕೋ ಅದನ್ನು ಕೂಡಿಸುತ್ತಿದ್ದೆವು. ಯಂತ್ರ ನಿಂತು ಹೋದರೂ ಅದು ಬೆಳಗುತ್ತಲೇ ಇರುತ್ತಿತ್ತು.

ಅಕ್ಕಲಕೋಟೆಯಲ್ಲಿ ಶಾಂತಾಬಾಯಿಯವರ ತಂದೆಯ ಪ್ರೆಸ್ಸು. ಲಗ್ನಪತ್ರಿಕೆ ಒಂದು ಬದಿಗೆ ಮರಾಠಿ, ಒಂದು ಬದಿಗೆ ಕನ್ನಡ. ಮುದುಕರಿಗೆ ತಮ್ಮ ಯಂತ್ರದ ಅರವತ್ತಾರು ಸಾಲದು ಎನಿಸಿತ್ತು, ಯಾಕೆಂದರೆ ಎದುರಿನ ಅಂಗಡಿಯಲ್ಲಿ ಎಂಬತ್ತು ಬೆಳಗುತ್ತಿತ್ತು. ದಿನವೂ ಕರೆಸಿ ಕೇಳುತ್ತಿದ್ದರು. ನನಗೂ ಬೇಸರ ಬಂದು ಒಂದು ದಿನ ಕಡ್ಡಿಗಳನ್ನು ಬದಲಿಸಿ ತೊಂಬತ್ತೊಂಬತ್ತು ಮಾಡಿಟ್ಟೆ. ಚೇಷ್ಟೆಗೆ ಮಾಡಿದ್ದು, ಮರುವಾರ ಹೋಗಿ ಹೇಳಿ ನಗಬೇಕೆಂದಿದ್ದೆ. ಮರುವಾರ ಹೋದರೆ ಮುದುಕರು ನನಗೆ ಶಾಲು ಹೊದಿಸಲು ಕಾದಿದ್ದರು. ಕೆಲಸ ಎಷ್ಟು ಚುರುಕಾಗಿದೆ ಎಂದರೆ ಬೆರಳು ಸಾಲುತ್ತಿಲ್ಲವಂತೆ. ನಾನು ಬಾಯಿ ಬಿಡಲಾಗದೆ ಶಾಲು ಹೊದ್ದು ಕೂತೆ.

ಒಳಗಿನಿಂದ ಶಾಂತಾಬಾಯಿ ಚಹಾ ತಂದಿಟ್ಟು ಮೆಲ್ಲಗೆ ಹೇಳಿದರು:

"ಗುರುನಾಥಣ್ಣಾ, ಆಕಳ ಕೋಡಿಗೆ ಬಣ್ಣಾ ಹಚ್ಚಿದ್ರ ಹಾಲ ಹೆಚ್ಚ ಆಗತಾವೇನ್ರಿ? ನನಗ ಮದಲೂ ಒಂಬತ್ತ ರೊಟ್ಟಿ, ಈಗೂ ಒಂಬತ್ತ ರೊಟ್ಟಿ."

ನನಗೆ ಅರ್ಥವಾಗಲಿಲ್ಲ. ಆಗ ಅವರು ಬಿಡಿಸಿ ಹೇಳಿದರು. ಪ್ರೆಸ್ಸಿನ ಹಿಂಬದಿಯೇ ಅಡಿಗೆಮನೆ. ದೇವರ ಚಿತ್ರವಿರುವ ದೊಡ್ಡ ಪುಟ ತೆರೆಯಲು ಹಚ್ಚಿ ಅವರು ಎದ್ದು ಹೋಗಿ ಒಲೆಯ ಮುಂದೆ ಕೂಡುತ್ತಿದ್ದರು. ಒಂಬತ್ತನೆಯ ರೊಟ್ಟಿ ಬುಟ್ಟಿಗೆ ಬೀಳುವ ಹೊತ್ತಿಗೆ ಪುಟ ಪರದೆಯ ಮೇಲೆ ಮೂಡಿರುತ್ತಿತ್ತು. ತಂದೆ ತೀರಿಕೊಂಡ ಮೇಲೆ ಪ್ರೆಸ್ಸು ಅವರದೇ ಆಯಿತು. ನಾವೇ ಹೊಸ ಯಂತ್ರ ಕೊಟ್ಟೆವು, ಸಾಹೇಬರ ಮೇಜಿನ ಮೇಲಿದ್ದದ್ದರ ಜೊತೆಗೇ ಬಂದ ಇನ್ನೂರ ಮೂವತ್ತಮೂರರದು. ಅದರಲ್ಲಿ ಅದೇ ಪುಟ ನಾಲ್ಕು ರೊಟ್ಟಿಗೆ ಇಳಿಯಿತು.

ಇನ್ನು ಸಾಹೇಬರ ವಿಷಯ. ಅವರು ನಮ್ಮ ಕಂಪನಿಯ ಸೋಲಾಪುರ ಶಾಖೆಯ ಮುಖ್ಯಸ್ಥರು. ಶಾಖೆ ಎಂದರೆ ಅವರದೇ ವಾಡೆಯ ಮುಂಗೋಣೆ, ಒಂದು ಫೋನು, ನಾನು. ನಾನು ಸೇರಿದಾಗ ಬೋರ್ಡು ಕೆಟ್ಟರೆ ಯಾವ ಬಿಡಿಭಾಗ ಕೆಟ್ಟಿದೆ ಎಂದು ಹುಡುಕಿ ಬೆಸುಗೆ ಹಾಕುವ ಕಾಲ. ಸಾಹೇಬರು ಬೆರಳಿನ ಹಿಂಬದಿಯಿಂದ ಒಂದೊಂದು ಚಿಪ್ಪನ್ನೂ ಮುಟ್ಟಿ, ಮಗುವಿನ ಜ್ವರ ನೋಡುವಂತೆ ನೋಡಿ, ಇದು ಎನ್ನುತ್ತಿದ್ದರು. ಮುಂದೆ ಇಡೀ ಬೋರ್ಡನ್ನೇ ಬದಲಿಸುವ ಪದ್ಧತಿ ಬಂತು. ಬೆರಳಿಗೆ ಕೆಲಸ ತಪ್ಪಿತು. ಅವರಿಗೆ ಅದರಿಂದ ಒಳಗೊಳಗೆ ನೋವಾಗಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ಗೊತ್ತಾಗಲಿಲ್ಲ.

ಅವರ ಕಟ್ಟಪ್ಪಣೆ ಒಂದೇ: ಅಳೆಯದೆ ಗಿರಾಕಿಗೆ ಏನೂ ಹೇಳಬಾರದು. ಒಮ್ಮೆ ಹೋಟಗಿಯಲ್ಲಿ ಒಬ್ಬರ ಯಂತ್ರ ನೋಡದೆಯೇ, ವಿದ್ಯುತ್ತಿನ ಏರಿಳಿತದಿಂದ ಕೆಟ್ಟಿರಬೇಕು ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಹೋಗಿ ನೋಡಿದರೆ ಒಳಗೆ ಇಲಿ ಸಂಸಾರ ಹೂಡಿತ್ತು. ಸಾಹೇಬರು ಒಂದು ವಾರ ನನ್ನನ್ನು ಜ್ಯೋತಿಷಿಗಳೇ ಎಂದು ಕರೆದರು.

ಅಂಥವರ ಯಂತ್ರ ಐನೂರ ಮೂವತ್ತೆರಡು ಎಂದಿತ್ತು. ಅಳೆದೇ ಹೇಳಿತ್ತು.

ಜಂಪರ್ ಬದಲಿಸಿ ಪ್ರೊಸೆಸರನ್ನು ಸ್ವಲ್ಪ ಹೆಚ್ಚು ಓಡಿಸುವುದು ಆಗ ಹೊಸದೇನಲ್ಲ. ಇನ್ನೂರ ಮೂವತ್ತಮೂರನ್ನು ಇನ್ನೂರ ಅರವತ್ತಾರಕ್ಕೆ ಏರಿಸಬಹುದಿತ್ತು. ಕೆಲವು ತಡೆಯುತ್ತಿದ್ದವು, ಕೆಲವು ಕಾದು ನಿಂತುಬಿಡುತ್ತಿದ್ದವು. ಆದರೆ ಎರಡು ಪಟ್ಟಿಗಿಂತ ಹೆಚ್ಚು? ಪುಣೆಯ ಕಡೆ ಯಾರೋ ಬರ್ಫದ ಗಡ್ಡೆ ಇಟ್ಟು ಆರುನೂರು ಮುಟ್ಟಿಸಿದರೆಂದು ಬಾಯಿಂದ ಬಾಯಿಗೆ ಸುದ್ದಿ ಇತ್ತು. ಮುಟ್ಟಿಸಿದವನನ್ನು ಕಂಡವರು ಒಬ್ಬರೂ ಸಿಕ್ಕಿರಲಿಲ್ಲ. ಎಲ್ಲರಿಗೂ ಕಂಡವರ ಪರಿಚಯ ಮಾತ್ರ ಇತ್ತು.

ನಾನು ನನ್ನ ಪರೀಕ್ಷೆ ಶುರು ಮಾಡಿದೆ. ಯಂತ್ರ ಹಚ್ಚಿದಾಗ ಬರುವ ಮೊದಲ ಪರದೆಯಲ್ಲಿ ಇನ್ನೂರ ಅರವತ್ತಾರು ಎಂದಿರುತ್ತಿತ್ತು. ಸಾಹೇಬರಿಗೆ ತೋರಿಸಿದೆ. ಬೋರ್ಡಿಗೆ ತನಗೆ ಗೊತ್ತಿರುವ ಹೆಸರು ಅಷ್ಟೇ, ಗೊತ್ತಿಲ್ಲದ ವೇಗಕ್ಕೆ ಅದು ಏನೆನ್ನಬೇಕು ಎಂದರು. ಒಪ್ಪುವ ಮಾತೇ. ಅಂಥದೇ ಇನ್ನೊಂದು ಯಂತ್ರಕ್ಕೆ ಅದೇ ಜಂಪರ್ ಹಾಕಿದೆ. ವೇಗ ಅಳೆಯುವ ಪ್ರೋಗ್ರಾಮು ಅಲ್ಲಿ ಬರೀ ಇನ್ನೂರ ಅರವತ್ತಾರು ಎಂದಿತು. ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ಸಮ ಇರುತ್ತಾರೇನು ಎಂದರು. ಅದೂ ಒಪ್ಪುವ ಮಾತೇ. ಬೆರಳಿನ ಹಿಂಬದಿಯಿಂದ ಪ್ರೊಸೆಸರನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಎರಡು ಪಟ್ಟು ಓಡುವವನಿಗೆ ಬೆವರೇ ಇಲ್ಲವೇ ಎಂದೆ. ಸಾಹೇಬರು ಲಾವಂಚದ ತಟ್ಟಿಯ ಕಡೆ ಕೈ ತೋರಿಸಿ, ನಿನ್ನ ಕಾಕುವಿನ ಪುಣ್ಯ ಎಂದರು. ಪ್ರತಿ ಪ್ರಶ್ನೆಗೂ ಅವರ ಹತ್ತಿರ ಉತ್ತರವಿತ್ತು. ಒಂದೊಂದು ಉತ್ತರವೂ ಸರಿ ಅನಿಸುತ್ತಿತ್ತು. ಎಲ್ಲ ಸೇರಿಸಿದರೆ ತಲೆ ತಿರುಗುತ್ತಿತ್ತು.

ಇದರ ನಡುವೆ ಇನ್ನೊಂದು ಸಣ್ಣ ಕಾಟ. ಆ ಯಂತ್ರದಲ್ಲಿ ಮರಾಠಿ ಪತ್ರ ಬೆರಳಚ್ಚು ಮಾಡಿದರೆ ಕೆಳಗೆ ಮುದ್ರಿತವಾಗುವ ಸಮಯ ತಪ್ಪಿರುತ್ತಿತ್ತು. ಊಟ ಮುಗಿಸಿ ಬಂದು ತೆಗೆದ ಪತ್ರದ ಕೆಳಗೆ ಬೆಳಗಿನ ಹೊತ್ತು. ಒಳಗಿನ ಗಡಿಯಾರದ ಸೆಲ್ಲು ಸತ್ತಿದೆ ಎಂದು ಬದಲಿಸಿದೆ. ಯಂತ್ರ ಮತ್ತೆ ಹಚ್ಚಿದಾಗ ಸಮಯ ಸರಿಯಾಗಿತ್ತು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಹಿಂದೆ. ಮತ್ತೊಂದು ಸೆಲ್ಲು ಹಾಕಿದೆ. ಸಾಹೇಬರು ಸೆಲ್ಲು ಕೊಟ್ಟ ಅಂಗಡಿಯವನನ್ನು ಬೈದರು. ನಾನೂ ಬೈದೆ. ಹುಡುಗರೇ, ಈ ಸೆಲ್ಲನ್ನು ನೆನಪಿಟ್ಟುಕೊಳ್ಳಿರಿ.

ಸುದ್ದಿ ಹೇಗೋ ಚಾದರ, ಟವೆಲಿನ ವ್ಯಾಪಾರಿಗಳಿಗೆ ಮುಟ್ಟಿತು. ಅವರ ಮಗ್ಗಗಳ ಚಿತ್ತಾರವೆಲ್ಲ ಆಗ ಕಂಪ್ಯೂಟರಿನಲ್ಲಿ ಬರೆಯುವಂತಾಗಿತ್ತು. ಒಂದು ನವಿಲು ಮೂಡುವುದಕ್ಕೆ ಅರ್ಧ ದಿನ ಕಾಯುತ್ತಿದ್ದರು. ಹತ್ತು ಹನ್ನೆರಡು ಶೇಟಜಿಗಳು ಸೋಮವಾರ ವಾಡೆಗೆ ಬಂದು ಕಣ್ಣಾರೆ ನೋಡುವುದಾಗಿ ಹೇಳಿಕಳಿಸಿದರು. ನೋಡಿ ಒಪ್ಪಿಗೆಯಾದರೆ ತಮ್ಮ ಎಲ್ಲ ಯಂತ್ರಗಳನ್ನೂ ಹಾಗೆ ಮಾಡಿಸಿಕೊಳ್ಳುವವರು. ಪುಣೆಯಿಂದ ನಮ್ಮ ಕಂಪನಿಯ ಮ್ಯಾನೇಜರರೂ ಬರುವವರಿದ್ದರು. ಸಾಹೇಬರು ನಿವೃತ್ತಿಯಾಗಲು ಒಂದು ತಿಂಗಳು ಉಳಿದಿತ್ತು.

ನನ್ನ ಸಂಕಟ ಇದು. ಸೋಲಾಪುರದಲ್ಲಿ ಇನಾಮದಾರರು ಹೇಳಿದರೆ ಹೇಳಿದ ಹಾಗೆ ಎಂಬ ಮಾತಿತ್ತು. ಅಂಕಿ ಸುಳ್ಳಾಗಿ, ಅವರ ಮಾತು ನಂಬಿ ಶೇಟಜಿಗಳು ಯಂತ್ರ ಬಿಚ್ಚಿಸಿದರೆ, ಮೂವತ್ತು ವರ್ಷದ ಆ ಮಾತು ಕೊನೆಯ ತಿಂಗಳಲ್ಲಿ ಮುರಿಯುತ್ತಿತ್ತು. ಸುಳ್ಳು ಎನ್ನಲು ನನ್ನ ಹತ್ತಿರ ಪುರಾವೆ ಇರಲಿಲ್ಲ. ಅನುಮಾನ ಇತ್ತು, ಅಷ್ಟೇ. ಅಳೆಯದೆ ಹೇಳಬಾರದು ಎಂದು ಕಲಿಸಿದವರಿಗೆ, ಅವರು ಅಳೆದದ್ದೇ ತಪ್ಪು ಎಂದು ಅಳೆಯದೆ ಹೇಳುವುದು ಹೇಗೆ?

ಶನಿವಾರ ಶಾಂತಾಬಾಯಿ ರಿಪೇರಿಯಾದ ಕೀಬೋರ್ಡ್ ಒಯ್ಯಲು ಬಂದರು. ಚೀಲದಲ್ಲಿ ಏಳು ಫ್ಲಾಪಿ ತಂದಿದ್ದರು. ತಮ್ಮ ದೇವರ ಪುಟವನ್ನು ತುಂಡು ಮಾಡಿ ಅವುಗಳಲ್ಲಿ ತುಂಬಿದ್ದರು. ಸಾಹೇಬರ ಯಂತ್ರದಲ್ಲಿ ಅದನ್ನೊಮ್ಮೆ ತೆರೆದು ನೋಡಬೇಕೆಂಬ ಆಸೆ. ಸಾಹೇಬರಿಗೆ ಖುಷಿಯೇ ಆಯಿತು. ಫ್ಲಾಪಿಗಳನ್ನೆಲ್ಲ ಇಳಿಸಿ ಪುಟ ಕೂಡಿಸಿದ ಮೇಲೆ ಶಾಂತಾಬಾಯಿ ಸೆರಗು ಸಿಕ್ಕಿಸಿ, ಕಾಕುವನ್ನು ಕೇಳಿ, ಅಡಿಗೆಮನೆಗೆ ಹೋಗಿ ಹಿಟ್ಟು ನಾದಿ ಒಲೆಯ ಮುಂದೆ ಕೂತರು. ಹೆಂಚು ಕಾದ ಮೇಲೆ ಅಲ್ಲಿಂದಲೇ, ಹಚ್ಚರಿ ಎಂದು ಕೂಗಿದರು. ಸಾಹೇಬರು ಗುಂಡಿ ಒತ್ತಿದರು. ಒಳಗೆ ರೊಟ್ಟಿ ತಟ್ಟುವ ಸಪ್ಪಳ, ಹೊರಗೆ ಹಾರ್ಡ್ ಡಿಸ್ಕಿನ ಸಪ್ಪಳ. ನಾನು ನಡುವಿನ ಬಾಗಿಲಲ್ಲಿ ನಿಂತೆ. ಎರಡು ರೊಟ್ಟಿಗೆ ಪುಟ ಬರಬೇಕಿತ್ತು. ನಿಜಕ್ಕೂ ನೋಡಿದರೆ ಅದಕ್ಕಿಂತ ಮೊದಲೇ. ಎರಡಾದವು. ಮೂರಾದವು. ನಾಲ್ಕನೆಯದು ಹೆಂಚಿನ ಮೇಲೆ ಅರ್ಧ ಬೆಂದಾಗ ಪುಟ ಮೂಡಿತು.

ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಪರದೆ ನೋಡಿದರು.

"ಸಾಹೇಬ್ರ, ಅರ್ಧಾ ರೊಟ್ಟಿ ಉಳೀತ್ರಿ. ಅದೂ ಖರೆ ಐತಿ. ಆದ್ರ ನೀವ್ ಅನ್ನೂವಷ್ಟ ಉಳೀಲಿಲ್ಲ."

ಸಾಹೇಬರು ನಕ್ಕರು, ಆದರೆ ನಗು ಮೀಸೆ ದಾಟಿ ಕಣ್ಣಿಗೆ ಏರಲಿಲ್ಲ. ಒಲೆ ಬೇರೆ, ಹಿಟ್ಟು ಬೇರೆ, ಇಲ್ಲಿಯ ಹೆಂಚು ತೆಳುವು, ರೊಟ್ಟಿ ಬೇಗ ಬೇಯುತ್ತದೆ ಎಂದರು. ಅದಕ್ಕೆ ಕಾಕು, ಹೆಂಚಿನ ಸುದ್ದಿ ನಿಮಗೆ ಯಾವಾಗಿನಿಂದ ತಿಳಿಯಿತು ಎಂದು ಕೇಳಿ ಒಳಗೆ ಹೋದರು.

ಶಾಂತಾಬಾಯಿಯವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದು ನಾನು ಬಾಯಿ ಬಿಟ್ಟೆ. ಸೋಮವಾರದ ಸಭೆ ಮುಂದೂಡಿರಿ, ನನಗೆ ಈ ಅಂಕಿಯ ಮೇಲೆ ನಂಬಿಗೆ ಬರುತ್ತಿಲ್ಲ ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ರೊಟ್ಟಿ ನಂಬಿ ನನ್ನ ಸುಳ್ಳ ಅಂತಿ?"

"ನಿಮ್ಮನ್ನಲ್ರಿ ಸಾಹೇಬ್ರ. ಅಂಕಿ ಸುಳ್ಳ ಅಂತೀನಿ."

"ಯಾಕ ಸುಳ್ಳ, ಅದನ್ನ ಹೇಳು."

"ಅದು ತಿಳೀವಲ್ದರಿ."

"ಹಂಗಾದ್ರ ಸುಮ್ನಿರು, ಜ್ಯೋತಿಷಿ."

ಭಾನುವಾರ ಪೂರ್ತಿ ನಾನು ಮನೆಯಲ್ಲೇ ಬಿದ್ದುಕೊಂಡಿದ್ದೆ. ನಾನೇ ತಪ್ಪಿರಬಹುದು ಎಂದೂ ಅನಿಸಿತು. ಪುಟ ತೆರೆಯುವಾಗ ಡಿಸ್ಕು ನಿಧಾನ, ಅದಕ್ಕೆ ಪ್ರೊಸೆಸರು ಏನು ಮಾಡೀತು? ಶಾಲು ಹೊದಿಸಿದ ಮುದುಕರು ನೆನಪಾದರು. ಬೆರಳು ಸಾಲುತ್ತಿಲ್ಲ ಎಂದಾಗ ಅವರು ಸುಳ್ಳು ಹೇಳಿರಲಿಲ್ಲ; ಅವರಿಗೆ ಹಾಗೆಯೇ ಕಂಡಿತ್ತು. ಈಗ ಯಾರಿಗೆ ಹಾಗೆ ಕಾಣುತ್ತಿದೆ, ಸಾಹೇಬರಿಗೋ ನನಗೋ?

ಸೋಮವಾರ ಹೋದೆ. ಶೇಟಜಿಗಳು ಜಮಖಾನೆಯ ಮೇಲೆ ಕೂತಿದ್ದರು, ಪುಣೆಯ ಮ್ಯಾನೇಜರರು ಕುರ್ಚಿಯಲ್ಲಿ. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಯಂತ್ರದ ಹಿಂದಿನ ಗೋಡೆಗೆ, ಯಾವತ್ತೂ ಇಲ್ಲದ ಕಡೆ, ಅಡಿಗೆಮನೆಯ ಗಡಿಯಾರ ತೂಗುತ್ತಿತ್ತು. ಹೊಸ ಮೊಳೆ ಹೊಡೆದ ಸುಣ್ಣದ ಪುಡಿ ಇನ್ನೂ ಕೀಬೋರ್ಡಿನ ಮೇಲಿತ್ತು.

ಅವರು ವೇಗದ ಪ್ರೋಗ್ರಾಮು ಓಡಿಸಿದರು. ಐನೂರ ಮೂವತ್ತೆರಡು ಬಂದಾಗ ಎಲ್ಲರೂ ತಲೆದೂಗಿದರು. ಆಮೇಲೆ ಒಂದು ದೊಡ್ಡ ಚಿತ್ತಾರ ತೆರೆಯಲು ಹಚ್ಚಿದರು. ಮುಗಿದಾಗ, ಎಷ್ಟು ಹೊತ್ತು ಹಿಡಿಯಿತು ಎಂದು ಯಂತ್ರವೇ ಹೇಳಿತು: ಎರಡು ನಿಮಿಷ. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಸಾಹೇಬರು ಎದ್ದು ನಿಂತರು.

"ಈ ಎರಡರಾಗ ಒಂದು ಸುಳ್ಳ ಹೇಳಾಕತ್ತದ. ಯಾವುದು ಅನ್ನೂದು ನನಗ ತಿಳದಿಲ್ರಿ. ತಿಳಿಯೂತನಕ ನಿಮ್ಮ ಮಷಿನ್ ಬಿಚ್ಚಬ್ಯಾಡ್ರಿ. ನನ್ನ ಮಾತ ಕೇಳಿ ಬಂದೀರಿ, ತಪ್ಪಾತು."

ಕೈ ಮುಗಿದರು. ಕಾಕು ಎಲ್ಲರಿಗೂ ಪನ್ಹಾ, ಮಾವಿನಕಾಯಿಯ ಪಾನಕ, ಕಳಿಸಿದರು. ಶೇಟಜಿಗಳು ಕುಡಿದು ಒಬ್ಬೊಬ್ಬರೇ ಎದ್ದರು. ಮ್ಯಾನೇಜರರು ಮಾತ್ರ ಲೋಟ ಮುಟ್ಟಲಿಲ್ಲ. ಗೊತ್ತಿಲ್ಲ ಎಂದು ಹೇಳುವುದಕ್ಕೆ ಇಷ್ಟು ಜನರನ್ನು ಕರೆಸಬೇಕಿತ್ತೇ ಎಂದು ನನ್ನ ಕಿವಿಯಲ್ಲಿ ಮರಾಠಿಯಲ್ಲಿ ಕೇಳಿ ಹೋದರು. ಅವರ ಸಿಟ್ಟು ಸರಿಯೋ ಸಾಹೇಬರ ಮಾತು ಸರಿಯೋ ಎಂದು ಅವತ್ತು ನಿರ್ಧರಿಸಲು ನನ್ನಿಂದ ಆಗಲಿಲ್ಲ. ಮೂರೇ ದಿನಕ್ಕೆ ಒಬ್ಬ ಶೇಟಜಿ ಬೇರೊಂದು ಅಂಗಡಿಯಲ್ಲಿ ಆರುನೂರರ ಯಂತ್ರಕ್ಕೆ ಹೇಳಿಟ್ಟು ಬಂದರೆಂದು ಕೇಳಿದೆ. ಉಳಿದವರು ಎಂದಿನಂತೆ ನಮ್ಮಲ್ಲಿಗೇ ಬಂದರು. ಸಾಹೇಬರು ಆ ವಿಷಯ ಮತ್ತೆ ಎತ್ತಲಿಲ್ಲ. ತಿಂಗಳಿಗೆ ನಿವೃತ್ತರಾದರು.

ಕಾರಣ ಸಿಕ್ಕಿದ್ದು ಅವರ ಬೀಳ್ಕೊಡುಗೆಯ ಮಾನಪತ್ರದಿಂದ. ಸಮಾರಂಭ ಮಳೆಗಾಲಕ್ಕೆ ಮುಂದೆ ಹೋಗಿತ್ತು. ಮುಂಗೋಣೆಯ ಅದೇ ಯಂತ್ರದಲ್ಲಿ ಅದನ್ನು ಮರಾಠಿಯಲ್ಲಿ ಬೆರಳಚ್ಚು ಮಾಡುತ್ತ ಕೂತಾಗ ಕೆಳಗಿನ ಸಮಯ ಮತ್ತೆ ಹಿಂದೆ ಬಿದ್ದಿತ್ತು. ಮೂರನೆಯ ಸೆಲ್ಲು ತರಲು ಎದ್ದವನು ಬಾಗಿಲಲ್ಲೇ ನಿಂತೆ. ನಾನು ಬಂದು ಕೂತು ಎರಡು ತಾಸಾಗಿತ್ತು. ಯಂತ್ರದ ಪ್ರಕಾರ ಒಂದೇ ತಾಸು. ಸತ್ತ ಸೆಲ್ಲು ಹೀಗೆ ಕರಾರುವಾಕ್ಕಾಗಿ ಅರ್ಧ ತಿನ್ನುವುದಿಲ್ಲ. ಐನೂರ ಮೂವತ್ತೆರಡು ಎಂದರೆ ಇನ್ನೂರ ಅರವತ್ತಾರರ ಸರಿ ಎರಡು ಪಟ್ಟು ಎಂಬುದೂ ಆಗಲೇ ಹೊಳೆದದ್ದು. ಇಷ್ಟು ದಿನ ಅದು ಕಣ್ಣೆದುರೇ ಇತ್ತು.

ಜಂಪರ್ ಬದಲಿಸುವುದಕ್ಕೆ ಎರಡು ದಿನ ಮೊದಲಷ್ಟೇ ನಾವು ಆ ಯಂತ್ರಕ್ಕೆ ಮಾತ್ರ ಮರಾಠಿ ಲಿಪಿಯ ಹೊಸ ಪ್ರೋಗ್ರಾಮು ಹಾಕಿದ್ದೆವು. ಯಂತ್ರ ಹಚ್ಚಿದ ಕೂಡಲೇ ಅದು ಒಳಗೆ ಬಂದು ಕೂಡುತ್ತಿತ್ತು. ಗಡಿಯಾರದ ಪ್ರತಿ ಎರಡು ಬಡಿತದಲ್ಲಿ ಒಂದನ್ನು ನುಂಗಿ, ಒಂದನ್ನು ಮಾತ್ರ ಮುಂದೆ ಕಳಿಸುತ್ತಿತ್ತು. ವೇಗ ಅಳೆಯುವ ಪ್ರೋಗ್ರಾಮಿಗೆ ಇದ್ದದ್ದು ಅದೇ ಗಡಿಯಾರ. ಓಟಗಾರನೇ ಕೈಯಲ್ಲಿ ಗಡಿಯಾರ ಹಿಡಿದು, ಅದೂ ಅರ್ಧ ನಡೆಯುವ ಗಡಿಯಾರ ಹಿಡಿದು, ನಾನು ಎರಡು ಪಟ್ಟು ಓಡಿದೆ ಎಂದಂತೆ. ಯಂತ್ರ ನಿಲ್ಲಿಸಿ ಹಚ್ಚಿದರೆ ಸೆಲ್ಲಿನ ಮೇಲೆ ನಡೆಯುವ ಇನ್ನೊಂದು ಗಡಿಯಾರದಿಂದ ಸರಿಯಾದ ಸಮಯ ಬರುತ್ತಿತ್ತು. ನಾನು ಸೆಲ್ಲು ಬದಲಿಸಿ ಗೆದ್ದೆ ಎಂದುಕೊಳ್ಳುತ್ತಿದ್ದೆ. ಲಿಪಿಯ ಪ್ರೋಗ್ರಾಮು ತೆಗೆದು ಓಡಿಸಿದೆ. ಇನ್ನೂರ ಅರವತ್ತಾರು.

ಒಳಗೆ ಹೋಗಿ ಹೇಳಿದೆ. ಸಾಹೇಬರು ಮಂಚದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಎಲ್ಲ ಕೇಳಿ, ಕೈಯಲ್ಲಿದ್ದ ಶೇಂಗಾ ಸುಲಿದು ಮುಗಿಸಿದರು.

"ಅಂದ್ರ ಎರಡ ಸೆಲ್ ಸುಮ್ನ ಒಗದಿ" ಎಂದರು.

ಅವರಿಗೆ ಸಮಾಧಾನವಾಯಿತೋ ದುಃಖವಾಯಿತೋ ಮುಖದಿಂದ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಎದ್ದು ಹೋಗಿ ಅಡಿಗೆಮನೆಯ ಗಡಿಯಾರವನ್ನು ಅದರ ಹಳೆಯ ಮೊಳೆಗೆ ಹಾಕಿ ಬಂದರು.

ದೀಪಾವಳಿ ಮುಗಿದ ಮೇಲೆ ಸಾಹೇಬರು ನನ್ನನ್ನು ಕರೆದುಕೊಂಡು ಅಕ್ಕಲಕೋಟೆಗೆ ಹೋದರು. ಶಾಂತಾಬಾಯಿಯವರ ಯಂತ್ರ ಬಿಚ್ಚಿ, ಜಂಪರ್ ಬದಲಿಸಿ ಇನ್ನೂರ ಅರವತ್ತಾರಕ್ಕೆ ಏರಿಸಿ, ಮಧ್ಯಾಹ್ನದವರೆಗೆ ಬಿಡದೆ ಓಡಿಸಿ, ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದರು. ವೇಗದ ಪ್ರೋಗ್ರಾಮು ಓಡಿಸಲಿಲ್ಲ. ದೇವರ ಪುಟ ತೆರೆಯಲು ಹಚ್ಚಿ ಒಳಗೆ ಹೋಗಿ ತಾಟಿನ ಮುಂದೆ ಕೂತರು. ಶಾಂತಾಬಾಯಿ ರೊಟ್ಟಿ ತಟ್ಟಿದರು. ಒಂದಾಯಿತು, ಎರಡಾಯಿತು, ಮೂರಾಯಿತು. ನಾಲ್ಕನೆಯದು ಹೆಂಚಿನ ಮೇಲಿದ್ದಾಗ, ಪುಟ ಬಂತು ಎಂದು ನಾನು ಹೊರಗಿನಿಂದ ಕೂಗಿದೆ. ಸಾಹೇಬರು ಎಂಜಲ ಕೈಯಲ್ಲೇ ಎದ್ದು ಬಂದು ಪರದೆ ನೋಡಿದರು, ಮತ್ತೆ ಒಳಗೆ ಹೋಗಿ ಹೆಂಚು ನೋಡಿದರು. ಆಮೇಲೆ ಕೂತು, ಆ ನಾಲ್ಕನೆಯದು ಬೇಯುವ ತನಕ ಕಾದು, ಅದನ್ನೂ ಹಾಕಿಸಿಕೊಂಡು ಉಂಡರು.